ಕಾಫಿ ಕಣಕ್ಕೆ ರಾತ್ರಿಯೂ ಬಣ್ಣ ಕಾಣುವ ಕ್ಯಾಮೆರಾ: ನನ್ನ ಅನುಭವ

ಕಣದಲ್ಲಿ ಚೆರ್ರಿ (ಕಾಫಿ ಹಣ್ಣು) ಹರಡಿದ ದಿನದಿಂದ ಅದು ಒಣಗಿ ಗೋಡೌನ್ ಸೇರುವವರೆಗೆ ತೋಟದವರಿಗೆ ರಾತ್ರಿ ನಿದ್ದೆ ಅಷ್ಟಕ್ಕಷ್ಟೆ. ನವೆಂಬರ್ ಕೊನೆಗೆ ಅರೇಬಿಕಾ, ಜನವರಿಯಿಂದ ರೊಬಸ್ಟಾ, ಅದರ ಬೆನ್ನಿಗೇ ಕಾಳುಮೆಣಸು. ಕೊಡಗಿನಲ್ಲಿ ಹೆಚ್ಚಿನವರು ಕ್ಯಾಮೆರಾ ಹಾಕಿಸುವುದು ಈ ನಾಲ್ಕೈದು ತಿಂಗಳ ಸಲುವಾಗಿಯೇ. ಈಗ ಯಾವ ಅಂಗಡಿಗೆ ಹೋದರೂ ‘ರಾತ್ರಿಯೂ ಫುಲ್ ಕಲರ್’ ಎಂದೇ ತೋರಿಸುತ್ತಾರೆ. ಹಿಕ್‌ವಿಷನ್‌ನವರು ಅದನ್ನು ಕಲರ್‌ವು ಎನ್ನುತ್ತಾರೆ, ದಹುವಾ ಫುಲ್ ಕಲರ್ ಎನ್ನುತ್ತದೆ. ಹೆಸರು ಬೇರೆಯಾದರೂ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಬಣ್ಣ ಎನ್ನುವುದು ಬೆಳಕಿನ ಗುಣ. ಬೆಳಕೇ ಇಲ್ಲದ ಕಡೆ ಬಣ್ಣವನ್ನು ಯಾವ ಕ್ಯಾಮೆರಾವೂ ಹುಟ್ಟಿಸಲಾರದು. ಅದಕ್ಕೇ ನಾನು ಕಣಕ್ಕೆ ಹೋದರೆ ಮೊದಲು ದೀಪ ಎಲ್ಲಿ ನಿಲ್ಲಬೇಕು ಎಂದು ಗುರುತು ಹಾಕುತ್ತೇನೆ, ಕ್ಯಾಮೆರಾದ ಜಾಗ ಆಮೇಲೆ.

ಇಲ್ಲಿ ಹೇಳುವ ಲೆಕ್ಕವೆಲ್ಲ ವಿರಾಜಪೇಟೆ ಕಡೆಯ ಒಂದು ಸಾಧಾರಣ ತೋಟದ್ದು. 20 ಮೀಟರ್ ಉದ್ದ, 15 ಮೀಟರ್ ಅಗಲದ ಸಿಮೆಂಟ್ ಕಣ. ಒಂದು ಪಕ್ಕಕ್ಕೆ ಗೋಡೌನ್, ಎದುರಿಗೆ ಜೀಪ್ ಶೆಡ್, ಸುತ್ತ ಕಾಫಿ ಮತ್ತು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಮನೆ 150 ಮೀಟರ್ ದೂರ. ಕ್ಯಾಮೆರಾ ನಾಲ್ಕು: ಕಣಕ್ಕೆ ಎರಡು, ಗೋಡೌನ್ ಬಾಗಿಲಿಗೆ ಒಂದು, ಗೇಟಿಗೆ ಒಂದು.

ಹಳೆಯ ಮಾದರಿಯ ಕ್ಯಾಮೆರಾ ರಾತ್ರಿ ಕಪ್ಪು–ಬಿಳುಪಾಗುವುದು ಏಕೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್ ಆದ ಸೆನ್ಸರ್‌ನ ಸಿಲಿಕಾನ್‌ಗೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೂಡ, ಸುಮಾರು 1000 ನ್ಯಾನೊಮೀಟರ್‌ವರೆಗೆ, ಕಾಣಿಸುತ್ತದೆ. ಹಗಲು ಅದನ್ನು ಬಿಟ್ಟುಕೊಂಡರೆ ಬಣ್ಣ ಕೆಡುತ್ತದೆ ಎಂದು ಲೆನ್ಸ್ ಹಿಂದೆ ಒಂದು ಸಣ್ಣ ಗಾಜಿನ ಫಿಲ್ಟರ್ ಅಡ್ಡ ನಿಂತಿರುತ್ತದೆ. ಕತ್ತಲಾದಾಗ ಆ ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ. ಸಂಜೆ ಕ್ಯಾಮೆರಾ ಹತ್ತಿರ ನಿಂತರೆ ಕೇಳುವ ‘ಟಕ್’ ಸದ್ದು ಅದೇ. ಆಮೇಲೆ 850 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಎಲ್‌ಇಡಿಗಳು ಉರಿಯುತ್ತವೆ. ಸೆನ್ಸರ್ ಮೇಲಿನ ಕೆಂಪು, ಹಸಿರು, ನೀಲಿ ಚುಕ್ಕಿಗಳು 850ರ ಬೆಳಕನ್ನು ಹೆಚ್ಚುಕಡಿಮೆ ಒಂದೇ ಸಮನೆ ಬಿಟ್ಟುಬಿಡುತ್ತವೆ. ಮೂರೂ ಒಂದೇ ಉತ್ತರ ಕೊಟ್ಟರೆ ಬಣ್ಣ ಲೆಕ್ಕ ಹಾಕುವುದು ಹೇಗೆ? ಆದ್ದರಿಂದ ಕಪ್ಪು–ಬಿಳುಪು.

ತೋಟದಲ್ಲಿ ಇದರಿಂದ ಎರಡು ತೊಂದರೆ. ಹಸಿರು ಎಲೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹತ್ತನೇ ಒಂದು ಪಾಲಿನಷ್ಟು ಹಿಂದಕ್ಕೆ ಕೊಟ್ಟರೆ, ಇನ್‌ಫ್ರಾರೆಡ್‌ನಲ್ಲಿ ಬಿದ್ದದ್ದರಲ್ಲಿ ಅರ್ಧದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ರಾತ್ರಿಯ ಚಿತ್ರ ತೆರೆದು ನೋಡಿ: ಕಣದ ಅಂಚಿನ ಕಾಫಿ ಗಿಡ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಆ ಬಿಳುಪು ನೋಡಿ ಕ್ಯಾಮೆರಾ ‘ಬೆಳಕು ಜಾಸ್ತಿಯಾಯಿತು’ ಎಂದು ಎಕ್ಸ್‌ಪೋಶರ್ ಇಳಿಸುತ್ತದೆ, ಗಿಡದ ಪಕ್ಕ ನಿಂತ ಮನುಷ್ಯ ಮಸಿಯಾಗುತ್ತಾನೆ. ಎರಡನೆಯದು ಬಟ್ಟೆ. ಕಪ್ಪು ಬಣ್ಣ ಹಾಕಿದ ಎಷ್ಟೋ ಬಟ್ಟೆಗಳು ಇನ್‌ಫ್ರಾರೆಡ್‌ನಲ್ಲಿ ಬೂದು ಅಥವಾ ಬಿಳಿಯಾಗಿ ಕಾಣುತ್ತವೆ. ‘ಬಿಳಿ ಜಾಕೆಟ್ ಹಾಕಿದ್ದವನು’ ಎಂದು ರೆಕಾರ್ಡಿಂಗ್ ನೋಡಿ ಹೇಳಿದರೆ, ಅವನು ಹಾಕಿದ್ದು ಕಪ್ಪು ಜಾಕೆಟ್ ಆಗಿರಬಹುದು. ಚೀಲ ಯಾವುದು, ಟಾರ್ಪಾಲು ನೀಲಿಯೋ ಹಸಿರೋ, ಪಿಕಪ್ ಕೆಂಪೋ ಕಪ್ಪೋ: ಕಳ್ಳತನವಾದ ಮರುದಿನ ಕೇಳುವ ಪ್ರಶ್ನೆಗಳು ಇವೇ, ಇದಕ್ಕೆಲ್ಲ ಬಣ್ಣ ಬೇಕು.

ಬಣ್ಣದ ಕ್ಯಾಮೆರಾ ಇನ್‌ಫ್ರಾರೆಡ್ ದಾರಿ ಬಿಟ್ಟು, ಇರುವಷ್ಟು ಮಾಮೂಲಿ ಬೆಳಕನ್ನೇ ಹಿಂಡಿಕೊಳ್ಳುತ್ತದೆ. ಅದಕ್ಕೆ ಇರುವ ಬಲ ಮುಖ್ಯವಾಗಿ ಎರಡು: ಅಗಲ ಬಾಯಿಯ ಲೆನ್ಸ್, ದೊಡ್ಡ ಸೆನ್ಸರ್.

ಲೆನ್ಸ್‌ನ ಬಾಯಿಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬೆಳಕು ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎಫ್ 2.0 ಬದಲಿಗೆ ಎಫ್ 1.0 ಹಾಕಿದರೆ ನಾಲ್ಕು ಪಟ್ಟು, ಎಫ್ 1.6 ಬದಲಿಗೆ ಹಾಕಿದರೆ ಎರಡೂವರೆ ಪಟ್ಟು ಬೆಳಕು. ಸೆನ್ಸರ್‌ನಲ್ಲಿ 1/2.8 ಇಂಚಿನದಕ್ಕಿಂತ 1/1.8 ಇಂಚಿನದಕ್ಕೆ ಸುಮಾರು ಎರಡರಷ್ಟು ವಿಸ್ತೀರ್ಣ. ಎಫ್ 1.6 ಮತ್ತು 1/2.8 ಇಂಚಿನ ಜೋಡಿಗೆ ಹೋಲಿಸಿದರೆ, ಎರಡೂ ಸೇರಿ, ಅಷ್ಟೇ ಅಗಲದ ನೋಟಕ್ಕೆ ಸುಮಾರು ಐದು ಪಟ್ಟು ಬೆಳಕು ಸಿಕ್ಕ ಹಾಗಾಯಿತು. ಇದು ಸಣ್ಣ ಮಾತಲ್ಲ. ಸೋನಿಯ ಸ್ಟಾರ್‌ವಿಸ್ ಮಾದರಿಯ ಸೆನ್ಸರ್‌ಗಳಲ್ಲಿ ಲೋಹದ ವೈರಿಂಗ್ ಪದರವನ್ನು ಪಿಕ್ಸೆಲ್‌ನ ಹಿಂದಕ್ಕೆ ಸರಿಸಿರುವುದರಿಂದ ಬಂದ ಬೆಳಕು ಅಡೆತಡೆಯಿಲ್ಲದೆ ಒಳಗೆ ಬೀಳುತ್ತದೆ, ಅದು ಇನ್ನೊಂದಷ್ಟು ಲಾಭ.

ಮೆಗಾಪಿಕ್ಸೆಲ್ ಹಿಂದೆ ಬಿದ್ದವರಿಗೆ ನಾನು ಒತ್ತಿ ಹೇಳುವುದು ಇಷ್ಟು. 1/2.8 ಇಂಚಿನ ಸೆನ್ಸರ್‌ಗೆ 8 ಮೆಗಾಪಿಕ್ಸೆಲ್ ತುಂಬಿಸಿದರೆ ಒಂದೊಂದು ಪಿಕ್ಸೆಲ್ ಸುಮಾರು 1.45 ಮೈಕ್ರಾನ್ ಆಗುತ್ತದೆ. 1/1.8 ಇಂಚಿನಲ್ಲಿ 4 ಮೆಗಾಪಿಕ್ಸೆಲ್ ಇಟ್ಟರೆ 2.9 ಮೈಕ್ರಾನ್. ಎರಡನೆಯದರಲ್ಲಿ ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಪಟ್ಟು ಜಾಗ. ಹಗಲು 8 ಮೆಗಾಪಿಕ್ಸೆಲ್ ಚೆಂದ, ರಾತ್ರಿ ಅದೇ ಕ್ಯಾಮೆರಾದಲ್ಲಿ ಚಿತ್ರದ ತುಂಬ ಮರಳು ಎರಚಿದಂಥ ಚುಕ್ಕಿಗಳು (ನಾಯ್ಸ್). ಕಣಕ್ಕೆ ನಾನು ಆರಿಸುವುದು 4 ಮೆಗಾಪಿಕ್ಸೆಲ್, 1/1.8 ಇಂಚು, ಎಫ್ 1.0, 4 ಮಿಲಿಮೀಟರ್ ಲೆನ್ಸ್. ಡಬ್ಬದ ಮೇಲೆ ಸೆನ್ಸರ್ ಅಳತೆ ಬರೆದಿಲ್ಲದಿದ್ದರೆ ಆ ಮಾಡೆಲ್‌ನ ಡೇಟಾಶೀಟ್ ತೆಗೆದು ನೋಡಿ. ಅಲ್ಲೂ ಇಲ್ಲದಿದ್ದರೆ ಆ ಮಾಡೆಲ್ ಬಿಟ್ಟುಬಿಡಿ. 2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಹಳೆಯ ಸ್ಟಾಕ್ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ತೆಗೆದುಕೊಳ್ಳುವ ಮುನ್ನ ಆ ಪರೀಕ್ಷೆಯ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ಡೇಟಾಶೀಟ್‌ನಲ್ಲಿ ‘0.0005 ಲಕ್ಸ್‌ನಲ್ಲೂ ಕಲರ್’ ಎಂದು ಬರೆದಿರುತ್ತದೆ (ಲಕ್ಸ್ ಎಂದರೆ ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ 0.3 ಲಕ್ಸ್, ಬರೀ ನಕ್ಷತ್ರದ ಬೆಳಕು 0.001 ಲಕ್ಸ್‌ನ ಆಸುಪಾಸು. ಹಾಗಾದರೆ ಅಮಾವಾಸ್ಯೆಯಲ್ಲೂ ದೀಪ ಬೇಡವೇ? ಬೇಕೇ ಬೇಕು. ಆ ಅಂಕಿ ಬರುವುದು ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಅವಧಿ) ನಿಧಾನ ಮಾಡಿ, ಗೇನ್ (ಸಿಕ್ಕ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಪೂರ್ತಿ ಏರಿಸಿ, ಅಲುಗಾಡದ ವಸ್ತುವನ್ನು ಮುಂದಿಟ್ಟುಕೊಂಡಾಗ. ಮಾಮೂಲಿ ನಡಿಗೆಯವನು ಸೆಕೆಂಡಿಗೆ 1.4 ಮೀಟರ್ ಹೋಗುತ್ತಾನೆ. ಶಟರ್ 1/25 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಅವನು ಸರಿಯುವುದು 5–6 ಸೆಂಟಿಮೀಟರ್. 1/3 ಸೆಕೆಂಡ್ ಇದ್ದರೆ ಸುಮಾರು ಅರ್ಧ ಮೀಟರ್. ಆಗ ಖಾಲಿ ಕಣ ಹಗಲಿನಂತೆ ಬೆಳಗಿರುತ್ತದೆ, ಅದರಲ್ಲಿ ನಡೆದುಹೋದವನು ಮಾತ್ರ ಹೊಗೆಯ ಪಟ್ಟಿ. ಅಂಗಡಿಯ ಡೆಮೊದಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ತೋರಿಸುವುದು ನಿಂತ ಗೊಂಬೆ, ಹೂಕುಂಡ.

ಅಗಲ ಬಾಯಿಯ ಲೆನ್ಸ್‌ಗೆ ಇನ್ನೊಂದು ಬೆಲೆ ತೆರಬೇಕು. ಎಫ್ 1.0ದಲ್ಲಿ ಫೋಕಸ್‌ನ ಆಳ ಕಡಿಮೆ. 4 ಮಿಲಿಮೀಟರ್ ಲೆನ್ಸ್ ಆದರೆ ಎರಡೂವರೆ–ಮೂರು ಮೀಟರ್‌ಗಿಂತ ಹತ್ತಿರದ್ದು ಮಸುಕಾಗುತ್ತದೆ. ಗೋಡೌನ್ ಬಾಗಿಲ ಮೇಲೆಯೇ ಕ್ಯಾಮೆರಾ ಕೂರಿಸಿದರೆ ಬೀಗ ಮುರಿಯುವವನ ಮುಖ ಆ ಮಸುಕಿನ ವಲಯದಲ್ಲಿ ಬೀಳುತ್ತದೆ. ಅದನ್ನು ಎದುರಿನ ಕಂಬಕ್ಕೆ, ಬಾಗಿಲಿಂದ 4–5 ಮೀಟರ್ ದೂರಕ್ಕೆ ಸಾಗಿಸಿ, ಎರಡೂವರೆ ಮೀಟರ್ ಎತ್ತರದಲ್ಲಿ ಕೂರಿಸಬೇಕು. ಇನ್ನೂ ಮೇಲೆ ಹೋದರೆ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ದೂರದ ಲೆಕ್ಕಕ್ಕೆ ಒಂದು ಸುಲಭ ಅಳತೆಯಿದೆ. ಗುರುತಿದ್ದವರನ್ನು ಗುರುತಿಸಲು ಒಂದು ಮೀಟರ್ ಅಗಲಕ್ಕೆ 125 ಪಿಕ್ಸೆಲ್, ಅಪರಿಚಿತರ ಮುಖ ಸಾಕ್ಷಿಯಾಗುವಷ್ಟು ಸ್ಪಷ್ಟವಾಗಲು 250 ಪಿಕ್ಸೆಲ್ ಬೇಕು. 4 ಮೆಗಾಪಿಕ್ಸೆಲ್ ಚಿತ್ರದ ಅಗಲ 2560 ಪಿಕ್ಸೆಲ್. ಮೇಲಿನ ಸೆನ್ಸರ್ ಮತ್ತು 4 ಮಿಲಿಮೀಟರ್ ಲೆನ್ಸ್‌ನಲ್ಲಿ 10 ಮೀಟರ್ ದೂರಕ್ಕೆ ಚೌಕಟ್ಟಿನ ಅಗಲ ಸುಮಾರು 18 ಮೀಟರ್, ಅಂದರೆ ಮೀಟರ್‌ಗೆ 140 ಪಿಕ್ಸೆಲ್. ಅಪರಿಚಿತರ ಮುಖ ಬೇಕೆಂದರೆ ಐದೂವರೆ ಮೀಟರ್‌ನೊಳಗೆ ಬರಬೇಕು. 20 ಮೀಟರ್ ಕಣಕ್ಕೆ ಒಂದೇ ಕ್ಯಾಮೆರಾ ಸಾಲದು ಎನ್ನುವುದು ಇದಕ್ಕೇ. ಎರಡು ಮೂಲೆಯಿಂದ ಎದುರುಬದುರಾಗಿ ಎರಡು ಹಾಕಿದರೆ, ಒಂದಕ್ಕೆ ಬೆನ್ನು ಕೊಟ್ಟವನು ಇನ್ನೊಂದಕ್ಕೆ ಮುಖ ಕೊಡಲೇಬೇಕು, ಜತೆಗೆ ಒಂದರ ಕೇಬಲ್ ಕತ್ತರಿಸಲು ಬಂದವನೂ ಇನ್ನೊಂದರ ಕಣ್ಣಿಗೆ ಬೀಳುತ್ತಾನೆ.

ದೀಪ ಎಲ್ಲಿ?

ಬಣ್ಣದ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಲೆನ್ಸ್ ಪಕ್ಕದಲ್ಲೇ ಬಿಳಿ ಎಲ್‌ಇಡಿ ಇರುತ್ತದೆ. ಬಯಲುಸೀಮೆಯ ಊರಲ್ಲಿ ಅದು ಸಾಕಾಗಬಹುದು. ಕೊಡಗಿನಲ್ಲಿ ಅದನ್ನೇ ನೆಚ್ಚಿಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ಮಂಜು ಕವಿದ ರಾತ್ರಿ ಮಡಿಕೇರಿ ಘಾಟಿಯಲ್ಲಿ ಜೀಪಿನ ಹೈಬೀಮ್ ಹಾಕಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ: ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಕಣ್ಣಿಗೂ ದೀಪಕ್ಕೂ ನಡುವೆ ಅಂತರ ಕಡಿಮೆ ಇದ್ದಷ್ಟೂ ಮಂಜಿನ ಹನಿಗಳಿಂದ ಬೆಳಕು ನೇರ ಕಣ್ಣಿಗೇ ವಾಪಸ್ ಬರುತ್ತದೆ. ಕ್ಯಾಮೆರಾದಲ್ಲಿ ಆ ಅಂತರ ಮೂರು–ನಾಲ್ಕು ಸೆಂಟಿಮೀಟರ್.

‘ಇನ್‌ಫ್ರಾರೆಡ್ ಆದರೆ ಮಂಜನ್ನು ಸೀಳಿಕೊಂಡು ಹೋಗುತ್ತದೆ’ ಎಂದು ಹಲವರು ನಂಬಿದ್ದಾರೆ. 850 ನ್ಯಾನೊಮೀಟರ್ ಎಂದರೆ ಒಂದು ಮೈಕ್ರಾನ್‌ಗಿಂತ ಕಡಿಮೆ. ಮಂಜಿನ ಹನಿ ಹತ್ತಿಪ್ಪತ್ತು ಮೈಕ್ರಾನ್. ತರಂಗಾಂತರಕ್ಕಿಂತ ಹನಿ ಇಷ್ಟು ದೊಡ್ಡದಿರುವಾಗ ಬಿಳಿ ಬೆಳಕು ಚದುರುವಂತೆಯೇ ಅದೂ ಚದುರುತ್ತದೆ. ಹೊಗೆಯ ಕಥೆ ಬೇರೆ, ಅದರ ಕಣ ಸಣ್ಣದು. ಮಂಜಿಗೆ ಇನ್‌ಫ್ರಾರೆಡ್ ಮದ್ದಲ್ಲ.

ಮದ್ದು ಇರುವುದು ದೀಪವನ್ನು ದೂರ ಇಡುವುದರಲ್ಲಿ. ಕ್ಯಾಮೆರಾದಿಂದ ಪಕ್ಕಕ್ಕೆ ಕನಿಷ್ಠ 3–4 ಮೀಟರ್ ಸರಿಸಿ, ಕಣದ ಮೇಲೆ ಅಡ್ಡಲಾಗಿ ಬೆಳಕು ಬೀಳುವಂತೆ ಬೇರೆ ದೀಪ ಹಾಕಬೇಕು. ಆಗ ಲೆನ್ಸ್ ಮುಂದಿನ ಮೊದಲ ಎರಡು–ಮೂರು ಮೀಟರ್‌ನ ಮಂಜಿಗೆ ಬೆಳಕೇ ತಾಗುವುದಿಲ್ಲ, ಮಳೆಹನಿ ಬೆಳ್ಳಿಗೆರೆಯಾಗಿ ಹೊಳೆಯುವುದಿಲ್ಲ. ಕೈ ಚಾಚಿದರೆ ಬೆರಳು ಕಾಣದಷ್ಟು ದಟ್ಟವಾದಾಗ ಇದೂ ಸೋಲುತ್ತದೆ, ಆದರೆ ಡಿಸೆಂಬರ್–ಜನವರಿಯ ಸಾಧಾರಣ ಇಬ್ಬನಿ ಮಂಜಿಗೆ ಇಷ್ಟು ಸಾಕು. ದೀಪ ಎಷ್ಟು ದೊಡ್ಡದಿರಬೇಕು? ಜನ ತಪ್ಪುವುದು ಇಲ್ಲಿ, 100 ವ್ಯಾಟ್ ಫ್ಲಡ್‌ಲೈಟ್ ತಂದುಬಿಡುತ್ತಾರೆ. ಲೆಕ್ಕ ನೋಡಿ. ಕಣ 300 ಚದರ ಮೀಟರ್. 10 ವ್ಯಾಟ್‌ನ ಎಲ್‌ಇಡಿ ದೀಪ ಸುಮಾರು 900 ಲೂಮೆನ್ ಬೆಳಕು ಕೊಡುತ್ತದೆ, ಎರಡಕ್ಕೆ 1800. ಅರ್ಧ ಅತ್ತಿತ್ತ ಪೋಲಾಯಿತು ಎಂದಿಟ್ಟುಕೊಂಡರೂ 900 ಲೂಮೆನ್ ಕಣಕ್ಕೆ ಬೀಳುತ್ತದೆ, ಅಂದರೆ ಚದರ ಮೀಟರ್‌ಗೆ 3 ಲೂಮೆನ್, ಸರಾಸರಿ 3 ಲಕ್ಸ್. ತುಂಬು ಹುಣ್ಣಿಮೆಯ ಹತ್ತು ಪಟ್ಟು. ಎಫ್ 1.0 ಲೆನ್ಸ್‌ಗೆ 1/25 ಶಟರ್‌ನಲ್ಲಿ ಶರ್ಟಿನ ಬಣ್ಣ ಹೇಳಲು ಇದು ಧಾರಾಳ. ಹೆಚ್ಚು ಪ್ರಖರವಾದ ಒಂದೇ ದೀಪ ಹಾಕಿದರೆ ಹತ್ತಿರದ್ದೆಲ್ಲ ಬೆಳ್ಳಗೆ ಸುಟ್ಟು, ದೂರದ್ದು ಇನ್ನಷ್ಟು ಕಪ್ಪಾಗುತ್ತದೆ, ಏಕೆಂದರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ದೀಪದ ಬಣ್ಣ 3000 ಕೆಲ್ವಿನ್ ಇರಲಿ, ಅಂದರೆ ಹಳದಿ ಛಾಯೆಯ ವಾರ್ಮ್ ವೈಟ್. 6500ರ ನೀಲಿಮಿಶ್ರಿತ ಬಿಳಿಗೆ ಹುಳ ಮುತ್ತುವುದು ಹೆಚ್ಚು. ಏಪ್ರಿಲ್–ಮೇ ಮಳೆಗೆ ಗೆದ್ದಲಿನ ರೆಕ್ಕೆಹುಳ ಎದ್ದಾಗ ಕ್ಯಾಮೆರಾದೊಳಗಿನ ಬಿಳಿ ದೀಪ ಉರಿಯುತ್ತಿದ್ದರೆ ಲೆನ್ಸ್ ಮುಂದೆ ರೆಕ್ಕೆಗಳ ಬಿರುಗಾಳಿಯೇ ಏಳುತ್ತದೆ. ಹುಳ ಬಂದಲ್ಲಿಗೆ ಜೇಡ, ಜೇಡ ಬಂದಲ್ಲಿ ಬಲೆ. ಬಲೆಯ ಒಂದು ಎಳೆ ಲೆನ್ಸ್ ಮುಂದೆ ತೂಗಾಡಿದರೆ ರಾತ್ರಿಯಿಡೀ ಮೋಷನ್ ಅಲಾರಂ. ದೀಪ ನಾಲ್ಕು ಮೀಟರ್ ಆಚೆಗಿದ್ದರೆ ಹುಳವೂ ಜೇಡವೂ ಅಲ್ಲೇ ಸಂಸಾರ ಹೂಡುತ್ತವೆ, ಕ್ಯಾಮೆರಾದ ಗೊಡವೆಗೆ ಬರುವುದಿಲ್ಲ. ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 80ಕ್ಕಿಂತ ಮೇಲಿರುವ ದೀಪ ತನ್ನಿ. ಹಳೆಯ ಸೋಡಿಯಂ ಬೀದಿದೀಪದ ಕೆಳಗೆ ಎಂಥ ಒಳ್ಳೆಯ ಕ್ಯಾಮೆರಾ ಹಾಕಿದರೂ ಎಲ್ಲವೂ ಕಿತ್ತಳೆಯೇ, ಏಕೆಂದರೆ ಆ ಬೆಳಕಿನಲ್ಲಿ ಉಳಿದ ಬಣ್ಣಗಳ ಪಾಲು ತೀರಾ ಕಡಿಮೆ. ದೀಪಕ್ಕೆ ಮೇಲೆ ತಗಡಿನ ಸಣ್ಣ ಮರೆ ಕಟ್ಟಿ ಕೆಳಕ್ಕೆ ಬಾಗಿಸಿ, ಲೈನ್ ಮನೆಗಳ (ಕೆಲಸಗಾರರ ಸಾಲುಮನೆ) ಕಿಟಕಿಗೆ ಹೊಡೆಯದಂತೆ ನೋಡಿಕೊಳ್ಳಿ. ಹಾಗೆಯೇ ಕ್ಯಾಮೆರಾದ ಚೌಕಟ್ಟಿನಲ್ಲಿ ಕೆಲಸಗಾರರ ಮನೆಬಾಗಿಲು ಬಾರದಂತೆ ಪ್ರೈವಸಿ ಮಾಸ್ಕ್ (ಆ ಜಾಗವನ್ನು ಮುಚ್ಚುವ ಸೆಟ್ಟಿಂಗ್) ಎಳೆದುಬಿಡಬೇಕು. ಕಾಫಿ ಕಾಯಲು ಹಾಕಿದ ಕ್ಯಾಮೆರಾ ಇನ್ನೊಬ್ಬರ ಅಂಗಳ ಇಣುಕಬಾರದು.

230 ವೋಲ್ಟ್‌ನ ದೀಪಕ್ಕಿಂತ 12 ವೋಲ್ಟ್ ಡಿಸಿ ದೀಪ ನನಗೆ ಇಷ್ಟ. ಅಗ್ಗದ 230 ವೋಲ್ಟ್ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗಿ ಚಿತ್ರದಲ್ಲಿ ಪಟ್ಟೆ ಓಡಿಸುತ್ತದೆ. ಅದಕ್ಕಿಂತ ಮುಖ್ಯ, ಕರೆಂಟ್ ಹೋದಾಗ ಡಿಸಿ ದೀಪ ಬ್ಯಾಟರಿಯಿಂದಲೇ ಉರಿಯುತ್ತದೆ. ಕ್ಯಾಮೆರಾಕ್ಕೆ ಯುಪಿಎಸ್ ಕೊಟ್ಟು ದೀಪವನ್ನು ಮೇನ್ಸ್‌ಗೆ ಬಿಟ್ಟರೆ, ಕರೆಂಟ್ ಹೋದ ಕ್ಷಣ ಬಣ್ಣದ ಕ್ಯಾಮೆರಾ ಕುರುಡು. ಕದಿಯಲು ಬರುವವರು ಕಾಯುವುದೂ ಅದೇ ಹೊತ್ತಿಗೆ. ಕ್ಯಾಮೆರಾ, ಅವುಗಳ ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್, ಎರಡು ದೀಪ ಸೇರಿ 60 ವ್ಯಾಟ್ ಎಂದರೆ ನಾಲ್ಕು ಗಂಟೆಗೆ 240 ವ್ಯಾಟ್‌ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆ ಲೆಕ್ಕಕ್ಕೆ 12 ವೋಲ್ಟ್ 42 ಆಂಪಿಯರ್‌ಅವರ್‌ನದು ಸರಿಹೋಗುತ್ತದೆ. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಅಷ್ಟಕ್ಕೆ ಈ ಬ್ಯಾಟರಿ ಸಾಲದು. ಆದರೆ ಆಗ ಕಣದಲ್ಲಿ ಕಾಫಿಯೂ ಇರುವುದಿಲ್ಲ.

ಕತ್ತಲಾದ ಕೂಡಲೇ ಆರಿ ಹತ್ತುವ ಕ್ಯಾಮೆರಾ

ಹಗಲೆಲ್ಲ ಸರಿಯಿದ್ದು, ಸಂಜೆ ಏಳಕ್ಕೆ ಕ್ಯಾಮೆರಾ ಆಫ್ ಆಗಿ, ನಿಮಿಷದಲ್ಲಿ ಮತ್ತೆ ಬಂದು, ಮತ್ತೆ ಆಫ್ ಆಗುತ್ತಿದ್ದರೆ ಕ್ಯಾಮೆರಾ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. ಹತ್ತಕ್ಕೆ ಒಂಬತ್ತು ಪಾಲು ಅದು ವೈರಿನ ದೋಷ. ಅನಲಾಗ್ ಎಚ್‌ಡಿ ಕ್ಯಾಮೆರಾಗೆ 12 ವೋಲ್ಟ್ ಅಡಾಪ್ಟರ್‌ನಿಂದ 60 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರ್‌ನ ವೈರ್ ಎಳೆದಿದ್ದಾರೆ ಎನ್ನೋಣ. ಹೋಗಿಬರುವ ದಾರಿ 120 ಮೀಟರ್, ರೋಧ ಸುಮಾರು 4.7 ಓಮ್. ಹಗಲು ಕ್ಯಾಮೆರಾ ಎಳೆಯುವುದು 0.3 ಆಂಪಿಯರ್, ಬೀಳುವ ವೋಲ್ಟೇಜ್ 1.4, ತಲುಪುವುದು 10.6. ಅಷ್ಟರಲ್ಲಿ ಕ್ಯಾಮೆರಾ ನಡೆಯುತ್ತದೆ. ಕತ್ತಲಾಗಿ ಬಿಳಿ ದೀಪ ಹತ್ತಿದಾಗ 0.7 ಆಂಪಿಯರ್, ಬೀಳುವುದು 3.3, ತಲುಪುವುದು 8.7. ಕ್ಯಾಮೆರಾ ಆರುತ್ತದೆ. ಆರಿದ ಕೂಡಲೇ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಏಳುತ್ತದೆ, ದೀಪ ಹತ್ತಿಸುತ್ತದೆ, ಮತ್ತೆ ಬೀಳುತ್ತದೆ. ರಾತ್ರಿಯಿಡೀ ಇದೇ. ಮಲ್ಟಿಮೀಟರ್ ಹಿಡಿದು ಕ್ಯಾಮೆರಾದ ತುದಿಯಲ್ಲಿ, ದೀಪ ಹತ್ತಿರುವಾಗ ಅಳೆದರೆ ಸಂಶಯ ಪರಿಹಾರ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಆದರೆ ಸ್ಥಿತಿ ಇನ್ನೂ ಕಡೆ.

ಹೊಸದಾಗಿ ಮಾಡುವವರು ಐಪಿ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್‌ನಲ್ಲಿ ನಡೆಯುವುದು) ಹಾಕಿ, ಅದೇ ಕೇಬಲ್‌ನಲ್ಲಿ ಕರೆಂಟೂ ಹಾಯಿಸುವ ಪಿಒಇ ಸ್ವಿಚ್‌ನಿಂದ ಕರೆಂಟ್ ಕೊಡಿ. ಅಪ್ಪಟ ತಾಮ್ರದ ಕ್ಯಾಟ್ 6, ಹೊರಾಂಗಣದ ಕಪ್ಪು ಹೊದಿಕೆಯದು, ಒಂದೊಂದು ಓಟ 100 ಮೀಟರ್ ಮೀರಬಾರದು. ಮಾಮೂಲಿ ಪಿಒಇ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಬಿಳಿ ದೀಪವೂ ಸೇರಿ ಕ್ಯಾಮೆರಾಕ್ಕೆ 10 ವ್ಯಾಟ್ ಹಿಡಿದರೆ ಸಾಕು. ಸ್ವಿಚ್‌ನ ಒಟ್ಟು ಸಾಮರ್ಥ್ಯ 60 ವ್ಯಾಟ್ ಇರಲಿ. ಸ್ವಿಚ್ ಗೋಡೌನ್‌ನೊಳಗೆ, ರೆಕಾರ್ಡರ್ ಮನೆಯಲ್ಲಿ. ರೆಕಾರ್ಡರನ್ನೂ ಗೋಡೌನ್‌ನಲ್ಲೇ ಇಟ್ಟರೆ ಕಾಫಿಯ ಜತೆ ಸಾಕ್ಷಿಯೂ ಹೋಗುತ್ತದೆ.

ನಡುವಿನ 150 ಮೀಟರ್‌ಗೆ ಫೈಬರ್. ತಾಮ್ರದ ಮಿತಿ ದಾಟಿತು ಎಂಬುದು ಒಂದು ಕಾರಣ, ಸಿಡಿಲು ದೊಡ್ಡ ಕಾರಣ. ಮುಂಗಾರಿಗೆ ಮುಂಚಿನ ಗುಡುಗುಮಳೆಗೆ ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಇದ್ದರೆ ಹತ್ತಿರದ ಸಿಡಿಲು ರೆಕಾರ್ಡರ್, ಸ್ವಿಚ್, ಟಿವಿ ಎಲ್ಲವನ್ನೂ ಒಟ್ಟಿಗೆ ಸುಡಬಲ್ಲದು. ಸಿಂಗಲ್ ಮೋಡ್ ಫೈಬರ್, ಎರಡು ತುದಿಗೆ ಫೈಬರನ್ನು ತಾಮ್ರದ ಕೇಬಲ್‌ಗೆ ಸೇರಿಸುವ ಮೀಡಿಯಾ ಕನ್ವರ್ಟರ್. ಕೇಬಲ್ ಕೊಳ್ಳುವಾಗ ಒಳಗೆ ಉಕ್ಕಿನ ತಂತಿ ಇಲ್ಲದ್ದನ್ನೇ ಕೇಳಿ. ಮರದಿಂದ ಮರಕ್ಕೆ ಎಳೆಯುವ ಡ್ರಾಪ್ ಕೇಬಲ್‌ಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಅದಿದ್ದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟಂತೆ.

ನೀರಿನ ವಿಷಯದಲ್ಲಿ ಡಬ್ಬದ ಮೇಲಿನ ಐಪಿ 67 (ನೀರು–ದೂಳು ತಡೆಯುವ ದರ್ಜೆ) ನೋಡಿ ಸಮಾಧಾನಪಡಬೇಡಿ. ಅದು ಕ್ಯಾಮೆರಾದ ಮೈಗೆ ಸಂಬಂಧಿಸಿದ್ದು, ಬಾಲದಲ್ಲಿ ತೂಗುವ ಕನೆಕ್ಟರ್‌ಗಲ್ಲ. ನೆಟ್‌ವರ್ಕ್ ಕೇಬಲ್ ತುದಿಯ ಆರ್‌ಜೆ 45 ಪಿನ್ನಿಗೆ ತೇವ ತಾಗಿ, ಅದರ ಮೇಲೆ ಡಿಸಿ ಕರೆಂಟ್ ಹರಿದರೆ ಒಂದೇ ಮಳೆಗಾಲದಲ್ಲಿ ಪಿನ್ ಹಸಿರುಗಟ್ಟಿ ಪುಡಿಯಾಗುತ್ತದೆ. ಕನೆಕ್ಟರ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್, ಮೇಲೆ ವಾಟರ್‌ಪ್ರೂಫ್ ಕ್ಯಾಪ್, ಅದರ ಮೇಲೆ ತನಗೆ ತಾನೇ ಅಂಟುವ ರಬ್ಬರ್ ಟೇಪ್, ಎಲ್ಲವೂ ಜಂಕ್ಷನ್ ಬಾಕ್ಸ್‌ನೊಳಗೆ. ಕೇಬಲ್ ಬಾಕ್ಸ್‌ಗೆ ಕೆಳಗಿನಿಂದ ಹೋಗಬೇಕು, ಹೋಗುವ ಮುಂಚೆ ಒಂದು ಸಣ್ಣ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೂತುಗಳನ್ನು ಪುಟ್ಟಿಯಿಂದ ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಡೋಮ್ ಕ್ಯಾಮೆರಾ ಹೊರಗೆ ಹಾಕಲೇಬೇಡಿ: ಒದ್ದೆಯಾದ ಗುಮ್ಮಟ ರಾತ್ರಿ ಬೆಳಕನ್ನೆಲ್ಲ ಒಳಕ್ಕೆ ಪ್ರತಿಫಲಿಸುತ್ತದೆ. ಬುಲೆಟ್ (ಕೊಳವೆ ಆಕಾರದ್ದು) ಅಥವಾ ಟರೆಟ್ (ಗುಮ್ಮಟದ ಹೊದಿಕೆಯಿಲ್ಲದ ಗುಂಡು ಮಾದರಿ) ಇರಲಿ.

ಸೆಟ್ಟಿಂಗ್

ಕಾರ್ಖಾನೆಯ ಸೆಟ್ಟಿಂಗ್ ಹಾಗೇ ಬಿಟ್ಟರೆ ಒಳ್ಳೆಯ ಕ್ಯಾಮೆರಾವೂ ರಾತ್ರಿ ಅರ್ಧ ಕೆಲಸವನ್ನೇ ಮಾಡುತ್ತದೆ. ಮೊದಲು ವಿದ್ಯುತ್ ಆವರ್ತನ 50 ಹರ್ಟ್ಸ್‌ಗೆ ಇಡಿ, 60ರಲ್ಲಿದ್ದರೆ ಮೇನ್ಸ್ ದೀಪದ ಕೆಳಗೆ ಪಟ್ಟೆ ಬರುತ್ತದೆ. ರಾತ್ರಿಯ ಶಟರ್ 1/25ಕ್ಕಿಂತ ನಿಧಾನವಾಗದಂತೆ ಕಟ್ಟಿಹಾಕಿ. ಬೆಳಕು ಸಾಕಷ್ಟಿದ್ದರೆ 1/50. ಗೇನ್‌ಗೆ 100ರಲ್ಲಿ 50–60ರ ಮಿತಿ. ಡಬ್ಲ್ಯುಡಿಆರ್ (ಬಿಸಿಲು–ನೆರಳು ಎರಡನ್ನೂ ಕಾಣಿಸುವ ಸೌಲಭ್ಯ) ಹಗಲಿಗೆ ಮಾತ್ರ, ರಾತ್ರಿ ಆಫ್: ಅದು ಒಂದೇ ಚಿತ್ರಕ್ಕೆ ಹಲವು ಎಕ್ಸ್‌ಪೋಶರ್ ಹಂಚುವುದರಿಂದ ಕತ್ತಲಲ್ಲಿ ಚುಕ್ಕಿಗಳು ಹೆಚ್ಚುತ್ತವೆ. ಹಗಲು–ರಾತ್ರಿ ಪ್ರೊಫೈಲ್ ಬೇರೆ ಮಾಡುವ ಸೌಲಭ್ಯ ಬಹುತೇಕ ಮಾಡೆಲ್‌ಗಳಲ್ಲಿದೆ.

ನಾಯ್ಸ್ ರಿಡಕ್ಷನ್ ಬಗ್ಗೆ ಎಚ್ಚರ ಬೇಕು. ಅದು ಹಿಂದಿನ ಹಲವು ಫ್ರೇಮ್‌ಗಳನ್ನು ಹೋಲಿಸಿ, ಅಲುಗದ ಜಾಗದ ಚುಕ್ಕಿಗಳನ್ನು ಒರೆಸುತ್ತದೆ. ಪೂರ್ತಿ ಏರಿಸಿದರೆ ನಡೆದುಹೋಗುವವನ ಹಿಂದೆ ಅವನದೇ ನೆರಳಿನಂಥ ಬಾಲ ಬರುತ್ತದೆ, ಮುಖ ಮೇಣದಂತೆ ನುಣುಪಾಗುತ್ತದೆ. 100ರಲ್ಲಿ 35–40 ಸಾಕು. ಈಗ ಬರುತ್ತಿರುವ ಎಐ ಐಎಸ್‌ಪಿ (ಎಐ ಚಿತ್ರ ಸಂಸ್ಕರಣೆಯ) ಕ್ಯಾಮೆರಾಗಳು ಇದೇ ಕೆಲಸವನ್ನು ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ನಿಂದ ಮಾಡಿಸುತ್ತವೆ. ಫಲಿತಾಂಶ ಖಂಡಿತ ಉತ್ತಮ, ಆದರೂ ಬೆಳಕು ತೀರಾ ಕಡಿಮೆಯಾದಾಗ ಸಣ್ಣ ವಿವರಗಳನ್ನು ಅದೂ ಒರೆಸಿಬಿಡುತ್ತದೆ. ಚುಕ್ಕಿಗಳು ಹೆಚ್ಚಿದ್ದರೆ ಡಿಸ್ಕ್ ಕೂಡ ಬೇಗ ತುಂಬುತ್ತದೆ, ಏಕೆಂದರೆ ಅಲುಗಾಡುವ ಪ್ರತಿ ಚುಕ್ಕಿಯನ್ನೂ ಎನ್‌ಕೋಡರ್ ಹೊಸ ವಿವರ ಎಂದೇ ಎಣಿಸುತ್ತದೆ. ಎಚ್.265 ವಿಡಿಯೊ ಸಂಕೋಚನ, ಕ್ಯಾಮೆರಾಕ್ಕೆ 4 ಎಂಬಿಪಿಎಸ್ ಮಿತಿ ಇಟ್ಟರೆ ದಿನಕ್ಕೆ 43 ಜಿಬಿ; ನಾಲ್ಕು ಕ್ಯಾಮೆರಾ, 15 ದಿನಕ್ಕೆ 2.6 ಟಿಬಿ. 4 ಟಿಬಿ ಸರ್ವೆಲೆನ್ಸ್ ಡಿಸ್ಕ್ ಹಾಕಿದರೆ ಮೂರು ವಾರ ನಿರಾಳ.

ಗೋಡೌನ್ ಬಾಗಿಲಿಗೆ ಹೈಬ್ರಿಡ್ ಲೈಟ್ ಕ್ಯಾಮೆರಾ ಒಳ್ಳೆಯದು. ಮಾಮೂಲಿಗೆ ಇನ್‌ಫ್ರಾರೆಡ್‌ನಲ್ಲಿ ಕಪ್ಪು–ಬಿಳುಪಾಗಿ ಕಾಯುತ್ತಿದ್ದು, ಮನುಷ್ಯನನ್ನೋ ವಾಹನವನ್ನೋ ಗುರುತಿಸಿದಾಗ ಬಿಳಿ ದೀಪ ಹತ್ತಿಸಿ ಬಣ್ಣಕ್ಕೆ ತಿರುಗುತ್ತದೆ. ದೀಪ ಫಕ್ಕನೆ ಹತ್ತುವುದೇ ಬಂದವನಿಗೆ ಎಚ್ಚರಿಕೆ. ತಿರುಗಲು ಒಂದೆರಡು ಸೆಕೆಂಡ್ ಬೇಕು, ಆ ಕ್ಷಣದ ಚಿತ್ರ ಕಲಕಿರುತ್ತದೆ. ಮಂಜು ದಟ್ಟವಿದ್ದರೆ ಮನುಷ್ಯನನ್ನು ಗುರುತಿಸುವುದೇ ತಡವಾಗುತ್ತದೆ. ಆದ್ದರಿಂದ ಕಣಕ್ಕೆ ಮಾತ್ರ ರಾತ್ರಿಯಿಡೀ ಉರಿಯುವ ಬೇರೆ ದೀಪ, ಕ್ಯಾಮೆರಾದೊಳಗಿನ ದೀಪ ಆಫ್.

ಗೇಟಿನಲ್ಲಿ ನಂಬರ್ ಪ್ಲೇಟ್ ಬೇಕೆನ್ನುವವರಿಗೆ ಬಣ್ಣದ ಕ್ಯಾಮೆರಾ ಸರಿಯಲ್ಲ. ಪ್ಲೇಟಿನ ಹಾಳೆ ಬಂದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತದೆ, 1/25 ಶಟರ್‌ನಲ್ಲಿ ಅದು ಬಿಳಿ ಚೌಕವಾಗಿ ಸುಟ್ಟುಹೋಗುತ್ತದೆ. ಅಲ್ಲಿಗೆ 12 ಮಿಲಿಮೀಟರ್ ಲೆನ್ಸ್‌ನ ಇನ್‌ಫ್ರಾರೆಡ್ ಕ್ಯಾಮೆರಾ, ಶಟರ್ 1/500, ವಾಹನ ನಿಧಾನ ಮಾಡುವ ತಿರುವಿಗೆ ಗುರಿ. ವಾಹನದ ಬಣ್ಣವನ್ನು ಕಣದ ಕ್ಯಾಮೆರಾ ಹೇಳುತ್ತದೆ.

ಎಲ್ಲ ಮುಗಿದ ಮೇಲೆ ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಪರೀಕ್ಷೆ ಮಾಡಬೇಕು. ಕಡುನೀಲಿ, ಕಡುಕೆಂಪು, ಕಪ್ಪು ಬಟ್ಟೆ ತೊಟ್ಟ ಒಬ್ಬೊಬ್ಬರನ್ನು 5, 10, 15 ಮೀಟರ್ ಗುರುತಿನ ಮೇಲೆ ಅಡ್ಡಕ್ಕೆ ನಡೆಸಿ. ಲೈವ್ ನೋಡಬೇಡಿ, ರೆಕಾರ್ಡಿಂಗ್ ತೆಗೆದು ಫ್ರೇಮ್ ನಿಲ್ಲಿಸಿ ನೋಡಿ. ಕಡುನೀಲಿಯೂ ಕಪ್ಪೂ ಬೇರೆ ಬೇರೆಯಾಗಿ ಕಂಡರೆ ಬೆಳಕು ಸಾಕು. ಕಾಣದಿದ್ದರೆ ಗೇನ್ ಮುಟ್ಟದೆ ದೀಪದ ಕೋನ ಸರಿಮಾಡಿ. ಬಟ್ಟೆ ಸರಿಯಿದ್ದು ಮುಖ ಕಪ್ಪಾಗಿದ್ದರೆ ದೀಪ ಬೆನ್ನ ಹಿಂದಿದೆ ಎಂದರ್ಥ.

ಕಾಡಂಚಿನ ಬೇಲಿಗೆ, ನಾಗರಹೊಳೆ ಅಥವಾ ಬ್ರಹ್ಮಗಿರಿ ಕಡೆಯ ತೋಟಗಳಲ್ಲಿ, ಬಿಳಿ ದೀಪ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆನೆ ಬಂತೇ ಎಂದು ತಿಳಿಯಲು ಬಣ್ಣ ಬೇಕಿಲ್ಲ, ರಾತ್ರಿಯಿಡೀ ಕಾಡಿಗೆ ಬೆಳಕು ಚೆಲ್ಲುವುದೂ ಸರಿಯಲ್ಲ. ಅಲ್ಲಿಗೆ ಕೆಂಪು ಚುಕ್ಕಿಯೂ ಕಾಣದ 940 ನ್ಯಾನೊಮೀಟರ್ ಇನ್‌ಫ್ರಾರೆಡ್ ಸಾಕು. 850ಕ್ಕಿಂತ ದೂರ ಕಡಿಮೆ ಸಿಗುತ್ತದೆ, ಆದ್ದರಿಂದ ದಾರಿಗೆ ಹತ್ತಿರ ಕೂರಿಸಬೇಕು. ಅಂಥ ಕಡೆ ಸೋಲಾರ್ ಕ್ಯಾಮೆರಾ ಹಾಕುವಾಗಲೂ ಬಿಳಿ ದೀಪ ಬೇಡವೆನ್ನಲು ಲೆಕ್ಕವಿದೆ: 8 ವ್ಯಾಟ್ 12 ಗಂಟೆಗೆ 96 ವ್ಯಾಟ್‌ಅವರ್, ಮೂರು ದಿನ ಬಿಸಿಲಿಲ್ಲದಿದ್ದರೆ 288. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ದಿನ ಬಿಸಿಲು ಕಾಣದಿರುವುದು ಇಲ್ಲಿ ಮಾಮೂಲು, ಕ್ಯಾಮೆರಾದೊಳಗಿನ ಚಿಕ್ಕ ಬ್ಯಾಟರಿಗೆ ಅದು ನಿಲುಕದು.

ಇನ್ನು ನಿಗಾ. ಮಳೆ ನಿಂತ ಮೇಲೆ, ಸೆಪ್ಟೆಂಬರ್‌ನ ಕೊಡವ ಹಬ್ಬ ಕೈಲ್‌ಪೊಳ್ದ್ ಕಳೆದ ಬಳಿಕ, ಕೊಯ್ಲಿಗೆ ಮುಂಚೆ ಒಂದು ಸಲ ಎಲ್ಲ ಬಾಕ್ಸ್ ಬಿಚ್ಚಿ ಪಿನ್ ನೋಡಬೇಕು, ಹಸಿರು ಕಂಡರೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು. ಲೆನ್ಸ್ ಗಾಜಿನ ಪಾಚಿಯನ್ನು ಮೊದಲು ನೀರು ಹಾಯಿಸಿ ಮೆತ್ತಗೆ ಮಾಡಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಒಣಗಿದ್ದನ್ನು ಉಜ್ಜಿದರೆ ಗೀರು ಬಿದ್ದು, ರಾತ್ರಿ ದೀಪದ ಬೆಳಕು ಆ ಗೀರಿನಲ್ಲಿ ಚದುರುತ್ತದೆ. ಕಾಫಿ ಗಿಡದ ಹೊಸ ಚಿಗುರು, ಮೆಣಸಿನ ಬಳ್ಳಿ ಒಂದೇ ಮಳೆಗಾಲದಲ್ಲಿ ಚೌಕಟ್ಟಿನೊಳಕ್ಕೆ ಬಂದಿರುತ್ತವೆ, ಅವನ್ನು ಸವರಿ. ಬ್ಯಾಟರಿಯನ್ನು ಮೇನ್ಸ್ ಆಫ್ ಮಾಡಿ, ರಾತ್ರಿ ದೀಪ ಹತ್ತಿರುವಾಗಲೇ ನಾಲ್ಕು ಗಂಟೆ ಓಡಿಸಿ ನೋಡಿ; ಹಗಲು ಓಡಿಸಿದ ಪರೀಕ್ಷೆ ಲೆಕ್ಕಕ್ಕಿಲ್ಲ.